ಬಜೆಟ್ ಪೂರ್ವಭಾವಿ ಸಭೆಯಲ್ಲಿ ಏನನ್ನು ಕೇಳಬೇಕು?

ಪ್ರಶ್ನೆ (ವಿನೋಬನಗರದ ನಿವಾಸಿ, ದಾವಣಗೆರೆ): ಸರ್, ನಮಸ್ಕಾರ. ಮಹಾನಗರ ಪಾಲಿಕೆಯ ಬಜೆಟ್ ಪೂರ್ವಭಾವಿ ಸಭೆಗೆ ನಮ್ಮ ಬಡಾವಣೆಯ ಪರವಾಗಿ ಹೋಗಬೇಕೆಂದಿದ್ದೇನೆ. ಇಂಥ ಸಭೆಗಳಲ್ಲಿ ಜನ ತಮ್ಮ ತಮ್ಮ ರಸ್ತೆ, ಚರಂಡಿ, ಬೀದಿದೀಪದ ಬೇಡಿಕೆ ಹೇಳಿ ಎದ್ದು ಬರುವುದೇ ಹೆಚ್ಚು. ಅದಕ್ಕಿಂತ ಉಪಯುಕ್ತವಾದದ್ದನ್ನು ಕೇಳಲು ಸಾಧ್ಯವೇ?

ಉತ್ತರ (ನಿವೃತ್ತ ಲೆಕ್ಕಾಧಿಕಾರಿ): ಖಂಡಿತ ಸಾಧ್ಯ. ಖರ್ಚಿನ ಮಾತಿಗೆ ಮುನ್ನ ಆದಾಯದ ಲೆಕ್ಕ ಕೇಳಿ. ಸಭೆಗೆ ಬಂದವರ ಕೈಯಲ್ಲಿ ಅಂಕಿ-ಅಂಶಗಳಿಲ್ಲದಿದ್ದರೆ ಸಮಾಲೋಚನೆ ಎಂಬುದು ಅಹವಾಲು ಸ್ವೀಕಾರವಾಗಿಯೇ ಉಳಿಯುತ್ತದೆ. ಆದ್ದರಿಂದ ಕಳೆದ ಸಾಲಿನ ಅಂದಾಜು, ಪರಿಷ್ಕೃತ ಅಂದಾಜು ಮತ್ತು ವಾಸ್ತವಿಕ ಜಮಾ-ಖರ್ಚನ್ನು ಅಕ್ಕಪಕ್ಕದ ಕಲಂಗಳಲ್ಲಿ ತೋರಿಸುವ ಪಟ್ಟಿಯನ್ನೂ, ಆಸ್ತಿ ತೆರಿಗೆ, ನೀರಿನ ಕಂದಾಯ ಹಾಗೂ ಮಳಿಗೆ ಬಾಡಿಗೆಯ ಡಿಸಿಬಿಯನ್ನೂ, ಅಂದರೆ ಬೇಡಿಕೆ-ವಸೂಲಿ-ಬಾಕಿಯ ತಖ್ತೆಯನ್ನೂ ಸಭೆಗೆ ಮೊದಲೇ ಒದಗಿಸುವಂತೆ ಆಯುಕ್ತರಿಗೆ ಪತ್ರ ಬರೆಯಿರಿ.

ಬಜೆಟ್ ಮಂಡನೆಯಲ್ಲಿ ಹೇಳುವ ‘ಉಳಿತಾಯ’ದಲ್ಲಿ ಆರಂಭಿಕ ಶಿಲ್ಕು, ಅಂದರೆ ವರ್ಷದ ಆರಂಭದಲ್ಲಿ ಕೈಯಲ್ಲಿದ್ದ ಹಣ, ಸೇರಿರುತ್ತದೆ, ಆ ಶಿಲ್ಕಿನಲ್ಲಿ ಯಾವುದೋ ಯೋಜನೆಗೆಂದೇ ಬಂದು ಖರ್ಚಾಗದೆ ಉಳಿದ ಅನುದಾನವೂ ಇರಬಹುದಾದ್ದರಿಂದ, ಶಿಲ್ಕನ್ನು ಕಳೆದು ನೋಡಿದಾಗಲೇ ವರ್ಷದ ನಿಜಸ್ಥಿತಿ ತಿಳಿಯುತ್ತದೆ. ಆಸ್ತಿ ತೆರಿಗೆಯ ಜೊತೆಗೆ ವಸೂಲಾಗುವ ಗ್ರಂಥಾಲಯ ಕರ (ಶೇ 6) ಮತ್ತು ಭಿಕ್ಷುಕರ ಕರ (ಶೇ 3) ಕೂಡ ಪಾಲಿಕೆಯ ಸ್ವಂತ ಆದಾಯವಲ್ಲ, ಬೇರೆಡೆಗೆ ಪಾವತಿಸಬೇಕಾದ ಹಣ.

ಎಲ್ಲಕ್ಕಿಂತ ಮುಖ್ಯವಾಗಿ ನೀರಿನ ಲೆಕ್ಕವನ್ನು ಬಿಡಿಸಿ ಕೇಳಿ. ರಾಜನಹಳ್ಳಿಯಿಂದ ತುಂಗಭದ್ರೆಯ ನೀರನ್ನು ಪಂಪ್ ಮಾಡಲು ಬರುವ ವಿದ್ಯುತ್ ಬಿಲ್ ಎಷ್ಟು, ಅದರಲ್ಲಿ ಸರ್ಕಾರದ ಅನುದಾನದಿಂದ ಭರಿಸಿದ್ದೆಷ್ಟು, ನೀರಿನ ಕಂದಾಯದಿಂದ ಬಂದದ್ದೆಷ್ಟು ಎಂಬುದು ಎದುರಿಗಿದ್ದರೆ, ದರ ಏರಿಸಬೇಕೇ, ಅಕ್ರಮ ನಲ್ಲಿ ಸಂಪರ್ಕಗಳನ್ನು ಸಕ್ರಮಗೊಳಿಸಬೇಕೇ, ಮೊದಲು ಹಳೆ ಬಾಕಿ ವಸೂಲಿ ಮಾಡಬೇಕೇ ಎಂಬುದನ್ನು ಜನರೇ ಚರ್ಚಿಸಬಲ್ಲರು. ದರದ ಮಾತೆತ್ತಿದರೆ ಗದ್ದಲವಾಗುತ್ತದೆಂದು ಅಧಿಕಾರಿಗಳು ಅಂಜುವುದುಂಟು. ಲೆಕ್ಕ ತೋರಿಸದೆ ಏರಿಸಿದಾಗ ಆಗುವ ಗದ್ದಲ ಅದಕ್ಕಿಂತ ದೊಡ್ಡದೆಂಬುದು ನನ್ನ ಅಭಿಪ್ರಾಯ.

ಮರುಪ್ರಶ್ನೆ: ಈ ವಿವರ ಕೊಡದಿದ್ದರೆ? ನಮ್ಮ ಸಲಹೆ ಏನಾಯಿತೆಂದು ತಿಳಿಯುವುದು ಹೇಗೆ, ಸರ್?

ಉತ್ತರ: ಬಜೆಟ್ ಹಂಚಿಕೆ, ವೆಚ್ಚ ಹಾಗೂ ಸಾರ್ವಜನಿಕ ಸಮಾಲೋಚನೆಗೆ ಇರುವ ವ್ಯವಸ್ಥೆಯ ವಿವರಗಳನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಅಧಿನಿಯಮದ ಕಲಂ 4(1)(ಬಿ) ಹೇಳುತ್ತದೆ, ಪತ್ರದಲ್ಲಿ ಅದನ್ನು ಉಲ್ಲೇಖಿಸಿ. ಅರ್ಜಿಯನ್ನೇ ಹಾಕಬೇಕಾಗಿ ಬಂದರೆ ಉತ್ತರಕ್ಕೆ 30 ದಿನಗಳ ಅವಕಾಶವಿರುವುದರಿಂದ ಡಿಸೆಂಬರ್‌ನಲ್ಲೇ ಹಾಕುವುದು ಲೇಸು. ಪ್ರತಿ ಸಲಹೆಯ ಮುಂದೆ ಅಂಗೀಕರಿಸಿದ್ದು ಅಥವಾ ಕೈಬಿಟ್ಟದ್ದು ಮತ್ತು ಅದಕ್ಕೆ ಕಾರಣ ಬರೆದ ಸಭಾ ನಡವಳಿಯನ್ನು ಬಜೆಟ್ ಪ್ರತಿಯ ಜೊತೆಗೆ ಪ್ರಕಟಿಸುವಂತೆ ಸಭೆಯಲ್ಲೇ ಒತ್ತಾಯಿಸಿ. ನಿಮ್ಮ ಸಲಹೆಯನ್ನು ಲಿಖಿತವಾಗಿ ಕೊಟ್ಟು, ಟಪಾಲು ಶಾಖೆಯ ಮೊಹರು ಹಾಕಿಸಿದ ಪ್ರತಿಯನ್ನು ಇಟ್ಟುಕೊಳ್ಳಿ.