ಬೇಲೂರಕ್ಕ, ಯಾರೂ ಸಾಯುತ್ತಿಲ್ಲ

ಬೇಲೂರಕ್ಕ, ಮೊದಲು ನೀನು ಒಂದು ಲೋಟ ನೀರು ಕುಡಿ. ಯಾರೂ ಸಾಯುತ್ತಿಲ್ಲ. ಪುಟ್ಟಿ ಹಾಸನದ ಹಾಸ್ಟೆಲ್‌ನಲ್ಲಿ ಚೆನ್ನಾಗಿಯೇ ಇದ್ದಾಳೆ. ಈಗಷ್ಟೇ ಫೋನ್ ಮಾಡಿದ್ದೆ, ಚಿತ್ರಾನ್ನ ತಿನ್ನುತ್ತಿದ್ದಳು. ಅವಳು ಗ್ರೂಪಿಗೆ ಹಾಕಿದ್ದು ಆಟದ ವಿಷಯ. "ದೊಡ್ಡಪ್ಪ, ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಶುರು, ನಾನು ಎಲ್ಫ್ ವಿಜರ್ಡ್, ಎಲ್ಲರೂ ನೀನು ಮೊದಲನೇ ದಿನವೇ ಸಾಯ್ತೀಯ ಅಂತಿದ್ದಾರೆ, ಭಯ ಆಗ್ತಿದೆ, ಏನು ಮಾಡ್ಲಿ" ಅಂತ. ನೀನು ಅದರಲ್ಲಿ "ಸಾಯ್ತೀಯ" ಅನ್ನುವುದನ್ನು ಮಾತ್ರ ಓದಿ ತಮ್ಮನಿಗೆ, ನನಗೆ, ಸಕಲೇಶಪುರದ ಭಾವನಿಗೆ ಎಲ್ಲರಿಗೂ ಫೋನ್ ಹಚ್ಚಿದ್ದೀಯ. ಭಾವ ಆಗಲೇ ಜೀಪು ಹೊರಗೆ ತೆಗೆದಿದ್ದರಂತೆ. ಭಾವ, ಜೀಪು ವಾಪಸ್ ಶೆಡ್ಡಿಗೆ ಹಾಕಿ.

ನಾನು ಟೈಪ್ ಮಾಡುತ್ತಿಲ್ಲ, ಮಾತಾಡುತ್ತಿದ್ದೇನೆ, ಫೋನೇ ಬರೆದುಕೊಳ್ಳುತ್ತಿದೆ. ಹೊರಗೆ ಮಳೆ, ಶೀಟಿನ ಮೇಲೆ ಸದ್ದು ಜಾಸ್ತಿ. ನಾನು ಎಲ್ಫ್ ಅಂದರೆ ಇದು ಎಲೆ ಅಂತ ಬರೆಯುತ್ತದೆ. ಎಲ್ಲಾದರೂ ಎಲೆ ಅಂತ ಬಂದಿದ್ದರೆ ಎಲ್ಫ್ ಅಂತ ಓದಿಕೊಳ್ಳಿ. ಎಲ್ಫ್ ಅಂದರೆ ಕಥೆಗಳಲ್ಲಿ ಬರುವ ಚೂಪು ಕಿವಿಯ ಜನ, ವಿಜರ್ಡ್ ಅಂದರೆ ಮಂತ್ರವಾದಿ.

ಪುಟ್ಟಿ, ಕೇಳು. ನಿನಗೆ ನಾನು ಹೇಳುವುದು ಒಂದೇ ಮಾತು. ಸ್ಪೆಲ್‌ಬುಕ್, ಅಂದರೆ ವಿಜರ್ಡ್ ತನ್ನ ಸ್ಪೆಲ್ ಅಥವಾ ಮಂತ್ರ ಬರೆದಿಟ್ಟುಕೊಳ್ಳುವ ಪುಸ್ತಕ, ಒಂದೇ ಒಂದು ಇಟ್ಟುಕೊಂಡು ಓಡಾಡಬೇಡ. ಅದರ ನಕಲು ಒಂದು ಮಾಡಿಡು. ಉಳಿದದ್ದೆಲ್ಲ ಆಮೇಲೆ.

ನಾನು 2001ರಲ್ಲಿ ಅಮೆರಿಕದ ಮಿನ್ನಿಯಾಪೊಲಿಸ್‌ಗೆ ಆನ್‌ಸೈಟ್ ಹೋಗಿದ್ದು ನಿಮಗೆಲ್ಲ ಗೊತ್ತು. ಅಪ್ಪ ಆಗ ಇನ್ನೂ ತೋಟ ನೋಡಿಕೊಳ್ಳುತ್ತಿದ್ದರು. ಅಲ್ಲಿ ಚಳಿಗಾಲ ಅಂದರೆ ನಮ್ಮ ಕೆಮ್ಮಣ್ಣುಗುಂಡಿ ಚಳಿ ಅಂದುಕೊಳ್ಳಬೇಡಿ, ಮೂಗಿನೊಳಗಿನ ಕೂದಲು ಗಡ್ಡೆ ಕಟ್ಟುತ್ತದೆ. ಶನಿವಾರ ರೂಮಿನಲ್ಲಿ ಕೂತು ಗೋಡೆ ನೋಡುತ್ತಿದ್ದೆ. ಆಫೀಸಿನವರು ಬಾ ಅಂತ ಕರೆದರು, ಹೋದೆ. ಆ ಆಟ ಹುಟ್ಟಿದ್ದೇ ಆ ಸೀಮೆಯಲ್ಲಿ. 1974ರಲ್ಲಿ ಅದನ್ನು ಹೊರತಂದ ಇಬ್ಬರಲ್ಲಿ ಆರ್ನಸನ್ ಅದೇ ಊರಿನ ಕಡೆಯವರು, ಗೈಗ್ಯಾಕ್ಸ್ ಪಕ್ಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದವರು. ಹಾಗಾಗಿ ಅಲ್ಲಿಯವರು ಆಡುವ ಗತ್ತೇ ಬೇರೆ. ಅಕ್ಕ, ನಿನಗೆ ತಿಳಿಯಲಿ ಅಂತ ಹೇಳುತ್ತೇನೆ, ಇದು ಜೂಜಲ್ಲ. ಐದಾರು ಜನ ಮೇಜಿನ ಸುತ್ತ ಕೂತು ಕಥೆ ಕಟ್ಟುವುದು. ಒಬ್ಬ ಭಾಗವತನ ಹಾಗೆ ಕಥೆ ನಡೆಸುತ್ತಾನೆ, ಅವನಿಗೆ ಡಿಎಂ ಅನ್ನುತ್ತಾರೆ. ಉಳಿದವರದು ಒಂದೊಂದು ವೇಷ. ಏಟು ಬಿತ್ತೋ ತಪ್ಪಿತೋ ಅನ್ನುವುದನ್ನು ಮಾತ್ರ ದಾಳ ಹೇಳುತ್ತದೆ.

ನಾನೂ ಪುಟ್ಟಿ ಹಾಗೆ ಎಲ್ಫ್ ವಿಜರ್ಡ್ ಆದೆ. ಆಗ ನಡೆಯುತ್ತಿದ್ದದ್ದು ಆಟದ ನಿಯಮಗಳ ಮೂರನೇ ಆವೃತ್ತಿ. ಅದರಲ್ಲಿ ಎಲ್ಫ್ ಆದರೆ ಕೈಚುರುಕು ಎರಡು ಜಾಸ್ತಿ, ಮೈಗಟ್ಟು ಎರಡು ಕಡಿಮೆ. ಎಷ್ಟು ಏಟು ತಡೆದುಕೊಳ್ಳಬಹುದು ಅನ್ನುವ ಲೆಕ್ಕ ಹಿಟ್ ಪಾಯಿಂಟ್, ವಿಜರ್ಡ್‌ಗೆ ಅದರ ದಾಳ ನಾಲ್ಕು ಮುಖದ್ದು. ನಾನು ಬುದ್ಧಿವಂತ ಅಲ್ವಾ, ಒಳ್ಳೆಯ ಅಂಕಿ 17 ಬಂದಿದ್ದನ್ನು ಬುದ್ಧಿಗೆ ಹಾಕಿ, 8 ಬಂದಿದ್ದನ್ನು ಮೈಗೆ ಹಾಕಿದೆ. ಅದೂ ಎರಡು ಕಳೆದು 6 ಆಯಿತು. ಮೊದಲ ದಿನ ನನ್ನ ಹಿಟ್ ಪಾಯಿಂಟ್ ಎಷ್ಟು ಗೊತ್ತಾ? ಎರಡು. ಒಂದು ಮನೆಬೆಕ್ಕು ಪರಚಿದರೆ ಮುಗಿಯಿತು. ಆದರೂ ಎಲ್ಲರ ಹಿಂದೆ ಅವಿತು, ಗಾಡಿ ಕೆಳಗೆ ಮಲಗಿ, ಹೇಗೋ ಐದನೇ ಲೆವೆಲ್‌ಗೆ ಬಂದೆ. ಐದನೇ ಲೆವೆಲ್ ಅಂದರೆ ಫೈರ್‌ಬಾಲ್, ಬೆಂಕಿಯ ಉಂಡೆ ಎಸೆಯುವ ಮಂತ್ರ. ದಿನಕ್ಕೆ ಎರಡು ಸಲ. ನನಗೆ ತಲೆ ನಿಲ್ಲಲಿಲ್ಲ.

ಆಗ ನಮ್ಮ ಡಿಎಂ, ವಯಸ್ಸಾದ ಮನುಷ್ಯ, ಊರಿನಲ್ಲಿ ಸಾಮಾನು ಕೊಳ್ಳುವಾಗ ಕೇಳಿದರು, ನಿನ್ನ ಸ್ಪೆಲ್‌ಬುಕ್‌ಗೆ ನಕಲು ಇದೆಯಾ ಅಂತ. ಇಲ್ಲ ಅಂದೆ. ಪುಟ ಪುಟಕ್ಕೂ ಶಾಯಿಗೇ ತುಂಬಾ ಚಿನ್ನದ ನಾಣ್ಯ ಬೇಕಿತ್ತು, ನಾನು ಒಂದು ಮಂತ್ರದಂಡಕ್ಕೆ ಕೂಡಿಡುತ್ತಿದ್ದೆ. ಮುಂದಿನ ವಾರ ನದಿ ದಡದಲ್ಲಿ ಮತ್ತೆ ಕೇಳಿದರು, ಪುಸ್ತಕ ಯಾವ ಚೀಲದಲ್ಲಿದೆ, ಮೇಣದ ಬಟ್ಟೆ ಸುತ್ತಿದೆಯಾ ಅಂತ. ನಾನು ಸುಮ್ನೆ ನಕ್ಕೆ. ಡಿಎಂ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ನಗಬಾರದು ಪುಟ್ಟಿ. ತೆಪ್ಪ ಮಗುಚಿತು. ನಾನು ಬದುಕಿದೆ, ಎಲ್ಲರೂ ಬದುಕಿದರು, ಪುಸ್ತಕ ತೊಳೆದುಹೋಯಿತು. ದಡಕ್ಕೆ ಬಂದು ತೆರೆದರೆ ಪುಟವೆಲ್ಲ ನೀಲಿ ನೀರು.

ಬೆಳಿಗ್ಗೆಯೇ ಪುಸ್ತಕ ನೋಡಿ ಆ ದಿನಕ್ಕೆ ತಲೆಯಲ್ಲಿ ಕಟ್ಟಿಕೊಂಡಿದ್ದ ಸ್ಪೆಲ್ ಇದ್ದವು. ಅವನ್ನಾದರೂ ಉಳಿಸಿಕೊಳ್ಳಬೇಕಿತ್ತು. ಗಾಬರಿಯಲ್ಲಿ ಪೊದೆ ಅಲುಗಿತು ಅಂತ ಒಂದು ಫೈರ್‌ಬಾಲ್ ಎಸೆದೆ, ಒಳಗಿದ್ದದ್ದು ಕಾಡುಹಂದಿ. ಸಂಜೆಗೆ ಎರಡನೆಯದೂ ಹೋಯಿತು. ಮಾರನೇ ದಿನ ಬೆಳಿಗ್ಗೆ ಎದ್ದರೆ ಪುಸ್ತಕವಿಲ್ಲದ ವಿಜರ್ಡ್‌ಗೆ ಆ ಆವೃತ್ತಿಯಲ್ಲಿ ಸಿಗುವುದು ಒಂದೇ ಸ್ಪೆಲ್, ಮಂತ್ರದ ಬರಹ ಓದುವುದು. ಓದೋಣ ಅಂದರೆ ಓದೋಕೆ ಏನಿದೆ? ಎಲ್ಫ್ ಆದ್ದರಿಂದ ಬಿಲ್ಲು ಹಿಡಿಯಲು ಬರುತ್ತಿತ್ತು, ಅಷ್ಟೇ. ಮಧ್ಯಾಹ್ನ ಇಳಿಜಾರಿನಲ್ಲಿ ಮೂರು ಓಗರ್ ಬಂದವು, ರಾಕ್ಷಸರು ಅಂದುಕೊಳ್ಳಿ. ಎಲ್ಲರೂ ತಿರುಗಿ ನನ್ನ ಮುಖ ನೋಡಿದರು. ನಾನು ಬಾಣ ಬಿಟ್ಟೆ. ತಾಗಲಿಲ್ಲ.

ನಮ್ಮ ಗುಂಪಿನಲ್ಲಿ ವೈದ್ಯ ಮಾಡುವ ಪಾತ್ರ ಒಬ್ಬ ಹೆಂಗಸಿನದು, ಆಫೀಸಿನಲ್ಲಿ ನನ್ನ ಪಕ್ಕದ ಮೇಜು. ಅವರ ಪಾತ್ರ ಅವತ್ತು ಸತ್ತಿತು. ಆರು ತಿಂಗಳಿಂದ ಆಡಿಸಿಕೊಂಡು ಬಂದಿದ್ದರು. ಅವರು ಏನೂ ಅನ್ನಲಿಲ್ಲ. ಪಾತ್ರದ ಅಂಕಿಗಳನ್ನು ಬರೆದ ಹಾಳೆಯನ್ನು ಎರಡು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡರು. ದಿನಾ ಸಂಜೆ ಹಿಮದಲ್ಲಿ ನನ್ನನ್ನು ರೂಮಿಗೆ ಕಾರಿನಲ್ಲಿ ಬಿಡುತ್ತಿದ್ದವರು ಅವರೇ. ಆ ಸೋಮವಾರದಿಂದ ನಾನು ಬಸ್ಸು.

ಅದಕ್ಕೇ ಎರಡನೇ ಸಲ ಹೇಳುತ್ತಿದ್ದೇನೆ. ನಕಲು ಮಾಡು. ಮಾಡಿದ್ದನ್ನು ನಿನ್ನ ಚೀಲದಲ್ಲೇ ಇಡಬೇಡ, ನಿಮ್ಮ ಗುಂಪಿನ ಗಟ್ಟಿ ಆಳು ಯಾರಿದ್ದಾನೋ ಅವನ ಚೀಲದಲ್ಲಿಡು. ಮೂಲ ನಿನ್ನ ಹತ್ತಿರ, ನಕಲು ಇನ್ನೊಬ್ಬರ ಹತ್ತಿರ. ತಿರುಗುಮುರುಗು ಆಗಬಾರದು.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ ನಾನೇ ತಿರುಗುಮುರುಗು ಮಾಡಿದವನು. ಅಪ್ಪನ ಮಳೆ ಪುಸ್ತಕ. 1964ರಿಂದ ಬರೆದದ್ದು. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರು ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, 2 ಇಂಚು 35 ಸೆಂಟು ಅಂತ ಬರೆದು ಆಮೇಲೆಯೇ ಕಾಫಿ. ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. ಕಾಫಿ ಹೂವು ಅರಳಿಸುವ ಹೂಮಳೆ ಯಾವತ್ತು ಬಿತ್ತು, ಅದಾದ ಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಎಲ್ಲ ಅದರಲ್ಲಿತ್ತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಮನೆ ವಿಷಯ. ಬೇಲೂರಕ್ಕ, ನಿನ್ನ ಮದುವೆ ದಿನ 40 ಸೆಂಟು ಮಳೆ, ಚಪ್ಪರ ಸೋರಿತು ಅಂತ ಇತ್ತು. ಪುಟ್ಟಿ, ನೀನು ಹುಟ್ಟಿದ ದಿನ ಮಳೆಯ ಅಂಕಿ ಪಕ್ಕದಲ್ಲಿ "ಹೆಣ್ಣು" ಅಂತ ಒಂದೇ ಪದ ಬರೆದು ಅಡಿಗೆರೆ ಎಳೆದಿದ್ದರು.

2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ, ಪರಿಹಾರದ ಅರ್ಜಿಗೆ ಹಳೆ ಮಳೆ ಲೆಕ್ಕ ತೋರಿಸಬೇಕು, ಎರಡು ದಿನಕ್ಕೆ ಕೊಡು ಅಂತ ಒಬ್ಬರು ಕೇಳಿದರು. ಕೊಟ್ಟೆ. ಮೂಲವನ್ನೇ ಕೊಟ್ಟೆ. ಒಂದು ಫೋಟೋ ಕೂಡ ಹೊಡೆದುಕೊಳ್ಳಲಿಲ್ಲ. ಕೈಯಲ್ಲೇ ಫೋನಿತ್ತು! ಇವತ್ತಿನವರೆಗೂ ಬಂದಿಲ್ಲ. ಕೇಳಿದಾಗೆಲ್ಲ ಅಟ್ಟದ ಮೇಲಿದೆ, ಹುಡುಕುತ್ತೇನೆ, ಮನೆಗೆ ಸುಣ್ಣ ಹೊಡೆಸುವಾಗ ಸಿಗುತ್ತದೆ. ಎರಡು ಸಲ ಸುಣ್ಣ ಹೊಡೆಸಿದ್ದಾಯಿತು, ಗೃಹಪ್ರವೇಶದ ಹಾಗೆ ಊಟವೂ ಹಾಕಿದರು, ನಾನೂ ಹೋಗಿ ಉಂಡು ಬಂದೆ. ಯಾರು ಅಂತ ಹೇಳುವುದಿಲ್ಲ. ಈ ಗ್ರೂಪಿನಲ್ಲೇ ಇದ್ದಾರೆ. ಈ ಮೆಸೇಜಿಗೂ ನೀಲಿ ಟಿಕ್ ಬರುತ್ತದೆ, ನೋಡುತ್ತಿರಿ. ಪರಿಹಾರ ಅವರಿಗೆ ಬಂತೋ ಬಿಟ್ಟಿತೋ ನನಗೆ ಬೇಡ. ಗೆದ್ದಲು ತಿಂದಿದ್ದರೆ ತಿಂದಿದೆ ಅಂತಾದರೂ ಹೇಳಲಿ. ತಮ್ಮ, ನೀನು "ಹೋಗಲಿ ಬಿಡಣ್ಣ" ಅಂತ ಬರೆಯಬೇಡ. ನೀನು ಆ ಗ್ಲಾಸು ಹಿಡಿದವನಲ್ಲ.

ಸರಿ. ಎಲ್ಲಿದ್ದೆ. ಪುಟ್ಟಿ ಕೇಳಿದ್ದು ಭಾನುವಾರ ಸಾಯದೇ ಇರುವುದು ಹೇಗೆ ಅಂತ, ಅಲ್ವಾ? ಅದು ಬಿಟ್ಟು ಎಲ್ಲ ಹೇಳಿದೆ.

ಈಗಿನ ಎಲ್ಫ್ ನನ್ನ ಕಾಲದಷ್ಟು ಬಡಕಲಲ್ಲ, ಮೈಗಟ್ಟು ಕಳೆಯುವುದಿಲ್ಲ. ವಿಜರ್ಡ್ ದಾಳವೂ ಆರು ಮುಖದ್ದಾಗಿದೆ. ನಿಮ್ಮ ಡಿಎಂ 15, 14, 13, 12, 10, 8 ಅಂತ ಅಂಕಿ ಕೊಟ್ಟಿದ್ದರೆ, ನಿಮ್ಮದು 2014ರ ನಿಯಮದ ಪುಸ್ತಕವಾಗಿದ್ದರೆ, ಎಲ್ಫ್‌ಗಳಲ್ಲಿ ಹೈ ಎಲ್ಫ್ ಅನ್ನುವ ಬಗೆ ತಗೋ. 15 ಇಂಟೆಲಿಜೆನ್ಸ್‌ಗೆ, ಅಂದರೆ ಬುದ್ಧಿಗೆ, ಹಾಕು, ಎಲ್ಫ್‌ದು ಒಂದು ಸೇರಿ 16. ಎಲ್ಲರೂ 14 ಅನ್ನು ಡೆಕ್ಸ್‌ಟೆರಿಟಿಗೆ, ಅಂದರೆ ಕೈಚುರುಕಿಗೆ, ಹಾಕು ಅನ್ನುತ್ತಾರೆ, ಕೇಳಬೇಡ. 14 ಕಾನ್‌ಸ್ಟಿಟ್ಯೂಷನ್‌ಗೆ, ಅಂದರೆ ಮೈಗಟ್ಟಿಗೆ. ಡೆಕ್ಸ್‌ಟೆರಿಟಿಗೆ 12 ಹಾಕಿದರೂ ಎಲ್ಫ್‌ದು ಎರಡು ಸೇರಿ ತಾನಾಗಿ 14 ಆಗುತ್ತದೆ. 13 ವಿಸ್ಡಂಗೆ ಅಂದರೆ ವಿವೇಕಕ್ಕೆ, 8 ಸ್ಟ್ರೆಂತ್‌ಗೆ ಅಂದರೆ ಬಲಕ್ಕೆ, ಮೂಟೆ ಹೊರುವುದು ನಿನ್ನ ಕೆಲಸವಲ್ಲ. ಆಗ ನಿನಗೆ 8 ಹಿಟ್ ಪಾಯಿಂಟ್. ನನ್ನದರ ನಾಲ್ಕು ಪಟ್ಟು! 2024ರ ಹೊಸ ಪುಸ್ತಕವಾಗಿದ್ದರೆ ಈ ಕೂಡಿಸುವುದು ಎಲ್ಫ್‌ನಿಂದಲ್ಲ, ಪಾತ್ರದ ಹಿನ್ನೆಲೆಯಿಂದ ಬರುತ್ತದೆ. ಸೇಜ್, ಅಂದರೆ ವಿದ್ವಾಂಸ, ಅನ್ನುವ ಹಿನ್ನೆಲೆ ತಗೋ, ಬುದ್ಧಿಗೆ ಎರಡು, ಮೈಗೆ ಒಂದು. ಅದರಲ್ಲಿ 14 ಡೆಕ್ಸ್‌ಟೆರಿಟಿಗೆ, 13 ಮೈಗೆ, ಅದೂ 14 ಆಗುತ್ತದೆ. ಭಾನುವಾರಕ್ಕೆ ಮುಂಚೆ ಯಾವ ಪುಸ್ತಕ ಅಂತ ಕೇಳಿಕೋ.

ಸ್ಪೆಲ್‌ಬುಕ್‌ನಲ್ಲಿ ಮೊದಲಿಗೆ ಆರು ಸ್ಪೆಲ್. ನಾನಾದರೆ ಮೇಜ್ ಆರ್ಮರ್, ಶೀಲ್ಡ್, ಮ್ಯಾಜಿಕ್ ಮಿಸೈಲ್, ಸ್ಲೀಪ್, ಫೈಂಡ್ ಫೆಮಿಲಿಯರ್ (ಫೆಮಿಲಿಯರ್ ಅಂದರೆ ಮಂತ್ರವಾದಿಯ ಜೊತೆಗಾರ ಪ್ರಾಣಿ), ಡಿಟೆಕ್ಟ್ ಮ್ಯಾಜಿಕ್ ಬರೆದುಕೊಳ್ಳುತ್ತೇನೆ. ಕೊನೆಯ ಎರಡನ್ನು ತಲೆಯಲ್ಲಿ ಕಟ್ಟಿಕೊಳ್ಳುವುದು ಬೇಡ, ಪುಸ್ತಕ ನೋಡಿಕೊಂಡು ಹತ್ತು ನಿಮಿಷ ಜಾಸ್ತಿ ಕೂತು ಪೂಜೆ ಮಾಡಿದ ಹಾಗೆ ಮಾಡಬಹುದು, ಸ್ಲಾಟ್, ಅಂದರೆ ದಿನಕ್ಕೆ ಇಷ್ಟೇ ಮಂತ್ರ ಅನ್ನುವ ಪಾಲು, ಖರ್ಚಿಲ್ಲ. ಉಳಿದ ನಾಲ್ಕನ್ನು ಕಟ್ಟಿಕೋ, ಮೊದಲ ಲೆವೆಲ್‌ಗೆ ಅಷ್ಟೇ ಲೆಕ್ಕ. ಮೇಜ್ ಆರ್ಮರ್ ಹಾಕಿಕೊಂಡರೆ ನಿನ್ನ ರಕ್ಷಣೆ 15, ಎಂಟು ಗಂಟೆ ಇರುತ್ತದೆ. ಏಟು ಬಿತ್ತು ಅನ್ನುವಾಗ ಶೀಲ್ಡ್ ಅಂದರೆ 20. ಆದರೆ ದಿನಕ್ಕೆ ಸ್ಲಾಟ್ ಎರಡೇ. ಆರ್ಮರ್‌ಗೆ ಒಂದು ಹೋದರೆ ಉಳಿಯುವುದು ಒಂದು. ಮಧ್ಯೆ ಒಂದು ಗಂಟೆ ಕೂತು ದಣಿವಾರಿಸಿಕೊಂಡರೆ ಒಂದು ಸ್ಲಾಟ್ ವಾಪಸ್ ಬರುತ್ತದೆ, ಇದನ್ನು ಹೊಸಬರೆಲ್ಲ ಮರೆಯುತ್ತಾರೆ, ನೀನು ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೋ. ಮಿಕ್ಕ ಹೊತ್ತಿಗೆ ಫೈರ್ ಬೋಲ್ಟ್, ಬೆಂಕಿ ಎಸೆಯುವ ಸಣ್ಣ ಮಂತ್ರ, ಅದಕ್ಕೆ ಖರ್ಚೇ ಇಲ್ಲ, 120 ಅಡಿ ದೂರ ಹೋಗುತ್ತದೆ. ಅಂದರೆ ನೀನೂ ಅಷ್ಟು ದೂರ ನಿಲ್ಲಬಹುದು ಅಂತ ಅರ್ಥ. ಮುಂದೆ ಹೋಗಿ ಕೋಲಾಟ ಆಡಬೇಡ. ಫೆಮಿಲಿಯರ್‌ಗೆ ಗೂಬೆ ತಗೋ. ಅಕ್ಕ, ಗೂಬೆ ಅಪಶಕುನ ಅನ್ನಬೇಡ, ಆಟದಲ್ಲಿ ಅದು ಹಾರಿಹೋಗಿ ಮುಂದೆ ಯಾರಿದ್ದಾರೆ ಅಂತ ನೋಡಿ ಬರುತ್ತದೆ.

ನಕಲಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಈಗ ಅಗ್ಗ. ನಿನ್ನದೇ ಪುಸ್ತಕವನ್ನು ಇನ್ನೊಂದಕ್ಕೆ ಇಳಿಸಲು ಸ್ಪೆಲ್‌ನ ಒಂದು ಲೆವೆಲ್‌ಗೆ 10 ಚಿನ್ನದ ನಾಣ್ಯ, ಒಂದು ಗಂಟೆ. ಆರು ಸ್ಪೆಲ್‌ಗೆ 60 ನಾಣ್ಯ, ಆರು ಗಂಟೆ. ಗಂಟೆ ಎಲ್ಲಿಂದ ತರಲಿ ಅನ್ನಬೇಡ, ನೀನು ಎಲ್ಫ್. ಉಳಿದವರು ಎಂಟು ಗಂಟೆ ಗೊರಕೆ ಹೊಡೆಯುತ್ತಾರೆ, ಎಲ್ಫ್‌ಗೆ ನಾಲ್ಕು ಗಂಟೆ ಕಣ್ಣುಮುಚ್ಚಿ ಕೂತರೆ ಸಾಕು. ಎರಡು ರಾತ್ರಿ ಬೆಂಕಿ ಮುಂದೆ ಕೂತು ಬರೆ, ಮುಗಿಯಿತು. ನಾನು ಅಷ್ಟು ತಿಂಗಳು ರಾತ್ರಿಯೆಲ್ಲ ಸುಮ್ನೆ ಕಾವಲು ಕೂತಿದ್ದೆ.

ನನ್ನ ಹಳೇ ದಾಳಗಳು ಬಿಸ್ಕೆಟ್ ಡಬ್ಬದಲ್ಲಿವೆ, ನಾಲ್ಕು ಮುಖದ್ದು ಒಂದು ಕಳೆದಿದೆ, ಮ್ಯಾಜಿಕ್ ಮಿಸೈಲ್‌ಗೆ ಅದು ಬೇಕಾಗುತ್ತದೆ, ಪಕ್ಕದವರ ಹತ್ತಿರ ಇಸ್ಕೋ. ನಾಳೆ ಬೆಳಿಗ್ಗೆ ಮೂಡಿಗೆರೆಯಿಂದ ಹಾಸನದ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಡುತ್ತೇನೆ, ಸ್ಟ್ಯಾಂಡಿಗೆ ಬಂದು ಇಸ್ಕೋ. ಬೇಲೂರಕ್ಕ, ಬಸ್ಸು ನಿಮ್ಮೂರಿನಲ್ಲಿ ನಿಲ್ಲುತ್ತದೆ. ಅವಳಿಗೆ ಕೋಡುಬಳೆ ಏನಾದರೂ ಕಳಿಸುವುದಿದ್ದರೆ ಸ್ಟ್ಯಾಂಡಿಗೆ ಬಂದು ಅದೇ ಕಂಡಕ್ಟರ್‌ಗೆ ಕೊಡು. ಡಬ್ಬದ ಮೇಲೆ ಹೆಸರು ಬರಿ.