ಎಣ್ಮಕಜೆಯವರು ದೋಟಿ ತರಬೇತಿಗೆ ಗಡಿಯ ಯಾವ ಬದಿಗೆ ಹೋಗಬೇಕು?

ಪೆರ್ಲದ ಓದುಗ (ಪ್ರಶ್ನೆ):
ಕೇರಳದ ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲೂಕಿನ ಎಣ್ಮಕಜೆ ಪಂಚಾಯತಿನ ನಮ್ಮ ವಾರ್ಡಿನಲ್ಲಿ ಮೂವತ್ತು ದಾಟಿದ ಒಂಬತ್ತು ಮಂದಿ, ಹಿಂದೆ ಬೀಡಿ ಕಟ್ಟುತ್ತಿದ್ದ ಇಬ್ಬರು ಮಹಿಳೆಯರೂ ಸೇರಿದಂತೆ, ದೋಟಿಯಿಂದ (ತುದಿಗೆ ಕತ್ತಿ ಇರುವ ಉದ್ದನೆಯ ಕೋಲು) ಅಡಿಕೆ ಕೊಯ್ಯುವುದನ್ನೂ ಅಡಿಕೆಗೆ ಕೊಳೆರೋಗದ ಮದ್ದು ಬಿಡುವುದನ್ನೂ (ಸಿಂಪಡಿಸುವುದನ್ನೂ) ಕ್ರಮವಾಗಿ ಕಲಿಯಬೇಕೆಂದು ಮುಂದೆ ಬಂದಿದ್ದಾರೆ. ಕಳೆದ ವರ್ಷ ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ತರಬೇತಿಗೆ ಹೋದ ಮೂವರು ಎರಡನೆಯ ದಿನವೇ ಮರಳಿದರು. ಅವರ ಮನೆಮಾತು ತುಳು, ಓದಿದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಕೇಳಿದರೆ ತಿಳಿಯುತ್ತದೆ, ಆದರೆ ಕೊಟ್ಟ ಕೈಪಿಡಿಯನ್ನು ಓದಲಾಗಲಿಲ್ಲ. ಗಡಿಯ ಸಾರಡ್ಕ ದಾಟಿದರೆ ಕರ್ನಾಟಕದ ವಿಟ್ಲ ಹತ್ತಿರವೇ ಇದೆ, ಅಲ್ಲಿ ಎಲ್ಲವೂ ಕನ್ನಡ. ಆದರೆ ಇವರ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ ಎಲ್ಲವೂ ಕೇರಳದವು. ಹೀಗಿರುವಾಗ ಯಾವ ಕಡೆಗೆ ಕಳುಹಿಸುವುದು ಒಳ್ಳೆಯದು?

ಅಡ್ಯನಡ್ಕದ ತೋಟದವ:
ಮೊದಲು ಸಂಸ್ಥೆ ಯಾರದ್ದೆಂದು ನೋಡಿ, ರಾಜ್ಯವನ್ನು ಆಮೇಲೆ ನೋಡಿದರಾಯಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ವಿಟ್ಲದ ಅದರ ಪ್ರಾದೇಶಿಕ ಕೇಂದ್ರವೂ ಕೇಂದ್ರ ಸರ್ಕಾರದ ಒಂದೇ ಮನೆಯ ಎರಡು ಕೋಣೆಗಳು. 1973ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕೂಡ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರದ್ದು. ಆದ್ದರಿಂದ ವಿಟ್ಲದಲ್ಲೇ ಮೊದಲು ವಿಚಾರಿಸಿ.

ಇನ್ನು ಕಲಿಕೆಯ ವಿಷಯ. ದೋಟಿ ಹಿಡಿಯಲು ತೋಳಿನ ಬಲಕ್ಕಿಂತ ಕತ್ತಿನ ತಾಳ್ಮೆ ಹೆಚ್ಚು ಬೇಕು. ಸೂರ್ಯ ಬೆನ್ನಿಗಿರುವಂತೆ ನಿಲ್ಲುವುದು, ಅಡಿಕೆಯ ಕೊನೆ (ಗೊನೆ) ಬೀಳುವಾಗ ಕಾಯಿ ಚೆದುರದಂತೆ ಬಲೆ ಹಿಡಿದವರೊಂದಿಗೆ ಹೊಂದಿಕೊಳ್ಳುವುದು ತೋಟದಲ್ಲಿ ನಿಂತೇ ಬರಬೇಕಾದ ವಿದ್ಯೆಗಳು. ಇದಕ್ಕೆ ಭಾಷೆ ಅಷ್ಟಾಗಿ ಅಡ್ಡಬರುವುದಿಲ್ಲ. ಮದ್ದು ಮಾಡುವಾಗ ಮಾತ್ರ ಒಂದು ಮಾತೂ ತಪ್ಪಬಾರದು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕಲಸಿಟ್ಟು, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಅದಲುಬದಲು ಮಾಡಬಾರದು. ಬಳಿಕ ಉಜ್ಜಿದ ಕತ್ತಿಯ ಮೊನೆಯನ್ನು ಅದರಲ್ಲಿ ಅದ್ದಿ ನೋಡಿ, ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ನನ್ನ ತೋಟದಲ್ಲಿ ಒಮ್ಮೆ ಈ ಪರೀಕ್ಷೆ ಮಾಡದೆ ಮದ್ದು ಬಿಟ್ಟು ಎಳೆಕಾಯಿ ಸುಟ್ಟುಕೊಂಡದ್ದುಂಟು. ಮಳೆಗೆ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸಲ ಬಿಡುವುದು ವಾಡಿಕೆಯಾದ್ದರಿಂದ ತರಬೇತಿ ಏಪ್ರಿಲಿನೊಳಗೆ ಮುಗಿಯಬೇಕು.

ನಿವೃತ್ತ ತರಬೇತುದಾರ:
ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಕೆಲಸ ಕಲಿಯಲು ಗಡಿ ದಾಟಬಹುದು, ದೋಟಿ ಕೊಳ್ಳಲು ಸಾಲ ಬೇಕಾದರೆ ಕಾಗದಪತ್ರ ತಿರುಗಿ ಬರುವುದು ನಿಮ್ಮೂರ ಬ್ಯಾಂಕ್ ಶಾಖೆಗೇ. ಆದ್ದರಿಂದ ಸಾಲ ಬೇಕೆನ್ನುವವರು ತಮ್ಮ ಜಿಲ್ಲೆಯ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಕೈಬಿಡಬಾರದು. ಊಟ ವಸತಿ ಸಹಿತ ಉಚಿತವಾಗಿ ಕಲಿಸುವ ಆ ಮಾದರಿ ಹುಟ್ಟಿದ್ದೇ ನಮ್ಮ ಉಜಿರೆಯಲ್ಲಿ, 1982ರಲ್ಲಿ. ಭಾಷೆಯ ತೊಡಕಿಗೆ ಸುಮ್ಮನೆ ಮರಳಿ ಬರುವುದೂ ಸರಿಯಲ್ಲ. 1969ರ ಕೇರಳದ ಆಡಳಿತ ಭಾಷಾ ಕಾಯಿದೆಯಡಿ ಕಾಸರಗೋಡಿನ ಕನ್ನಡಿಗರು ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಕೈಪಿಡಿ ಕನ್ನಡದಲ್ಲಿ ಬೇಕೆಂದು ಒಂಬತ್ತು ಮಂದಿಯೂ ಸಹಿ ಹಾಕಿ, ಪಂಚಾಯತಿನ ಮೂಲಕ ಕೃಷಿ ಭವನಕ್ಕೆ (ಕೃಷಿ ಇಲಾಖೆಯ ಸ್ಥಳೀಯ ಕಚೇರಿ) ಅರ್ಜಿ ಕೊಡಿ.

ಪೆರ್ಲದ ಓದುಗ:
ಇಬ್ಬರಿಗೂ ಉಪಕಾರ. ಮಹಿಳೆಯರಿಬ್ಬರೂ ಮದ್ದು ಮಾಡುವುದನ್ನು ಮೊದಲು ಕಲಿಯುತ್ತೇವೆಂದು, ದೋಟಿ ಆಮೇಲೆ ನೋಡೋಣವೆಂದು ಹೇಳುತ್ತಿದ್ದಾರೆ. ಸೋಮವಾರ ಸಾರಡ್ಕ ದಾಟಿ ವಿಟ್ಲಕ್ಕೆ ವಿಚಾರಿಸಲು ಹೋಗುತ್ತೇನೆ, ಅರ್ಜಿಯನ್ನು ಈ ರಾತ್ರಿಯೇ ಬರೆಯುತ್ತೇನೆ.