ಗಜನಿ ಗದ್ದೆಗೆ ಮತ್ತೆ ಕಗ್ಗ ಭತ್ತ ಬಿತ್ತಬೇಕು, ಸಿಗಡಿಯನ್ನೂ ಬಿಡಬಾರದು. ಹೇಗೆ?

ಗಜನಿಮನೆ:
ಕುಮಟಾ ಹತ್ತಿರ ಅಘನಾಶಿನಿ ಹೊಳೆ ಪಕ್ಕ ನಮ್ಮದು ಒಂದೂವರೆ ಎಕರೆ ಗಜನಿ (ಉಬ್ಬರದ ಉಪ್ಪುನೀರು ಬರುವ ಗದ್ದೆ) ಇದೆ. ಹತ್ತು ವರ್ಷ ಗುತ್ತಿಗೆಗೆ ಕೊಟ್ಟಿದ್ದೆವು, ಅವರು ಸಿಗಡಿಗೆ ಅಂತ ವರ್ಷಪೂರ್ತಿ ಉಪ್ಪುನೀರು ನಿಲ್ಲಿಸಿಯೇ ಇಟ್ಟರು. ಅಜ್ಜನ ಕಾಲದಲ್ಲಿ ಮಳೆಗಾಲಕ್ಕೆ ಕಗ್ಗ, ಕೊಯ್ಲಾದ ಮೇಲೆ ಮೀನು. ಈ ವರ್ಷ ಗುತ್ತಿಗೆ ಮುಗಿಯುತ್ತದೆ. ಮಣ್ಣಲ್ಲಿ ಕೂತ ಉಪ್ಪು ಹೋಗುತ್ತದಾ? ಗೊಬ್ಬರ ಏನು ಹಾಕಬೇಕು?

ಹೊಳೆದಂಡೆ:
ಹೋಗುತ್ತದೆ, ಆದರೆ ಅದನ್ನು ತೊಳೆಯುವುದು ಮಳೆ, ನಾವಲ್ಲ. ಜೂನ್ ಮಳೆ ಜೋರಾದ ಮೇಲೆ ಇಳಿತದಲ್ಲಿ ತೂಬು ತೆಗೆದು ನೀರು ಹೊರಗೆ ಬಿಡಿ, ಉಬ್ಬರ ಏರುವ ಮೊದಲು ಮುಚ್ಚಿ, ಮತ್ತೆ ಮಳೆನೀರು ತುಂಬಿದರೆ ಮತ್ತೆ ಬಿಡಿ. ಹೀಗೆ ಸಾಕಷ್ಟು ಸಲ ಮಾಡಿ, ನೀರಿನ ರುಚಿ ನೋಡಿ ಉಪ್ಪು ಇಳಿದಿದೆ ಅನ್ನಿಸಿದ ಮೇಲೆ ಮೊಳಕೆ ಕಟ್ಟಿದ ಬೀಜ ಎರಚಿ. ಕಗ್ಗ ಸ್ವಲ್ಪ ಉಪ್ಪು ತಡೆದುಕೊಳ್ಳುತ್ತದೆ, ನೆರೆ ಬಂದರೂ ಎತ್ತರಕ್ಕೆ ಬೆಳೆದು ತಲೆ ಎತ್ತುತ್ತದೆ. ಗೊಬ್ಬರ ಬೇಡವೇ ಬೇಡ. ಸಿಗಡಿ, ಮೀನಿನ ಹಿಕ್ಕೆಯೇ ಭತ್ತಕ್ಕೆ ಗೊಬ್ಬರ. ಕೊಯ್ಯುವಾಗ ತೆನೆ ಮಾತ್ರ ತೆಗೆದು ಹುಲ್ಲು ಬಿಟ್ಟರೆ ಅದು ಕೊಳೆತು ಮುಂದಿನ ಸಿಗಡಿಗೆ ಆಹಾರ. ಔಷಧಿ ಹೊಡೆಯಲೇಬೇಡಿ, ಅದು ಭತ್ತ ಉಳಿಸಿ ಮೀನು ಕೊಲ್ಲುತ್ತದೆ.

ಕಾಂಡ್ಲಾಕಾಡು:
ಅಣ್ಣ, ಒಂದು ಮಾತು. ತೂಬು ನಿಮ್ಮೊಬ್ಬರದೇ ಅಲ್ಲ ಅಲ್ವಾ? ಇಡೀ ಗಜನಿಗೆ ಒಂದೇ ಒಡ್ಡು ಇರುವಾಗ ಪಕ್ಕದವರು ಆಗಸ್ಟ್‌ನಲ್ಲಿ ಉಪ್ಪುನೀರು ಬಿಟ್ಟರೆ ನಿಮ್ಮ ಸಸಿ ಮುಗಿಯಿತು. ನಮ್ಮ ಕಡೆ ಹೀಗೇ ಎರಡು ವರ್ಷ ಬಿತ್ತಿದ್ದು ಹೋಯಿತು, ಬೀಜವೂ ಸಿಗದ ಹಾಗಾಯಿತು. ಮೊದಲು ಒಡ್ಡಿನೊಳಗಿನ ಎಲ್ಲರನ್ನೂ ಕೂರಿಸಿ ಮಾತಾಡಿ. ಒಡ್ಡಿನ ಹೊರಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇದ್ದರೆ ಕಡಿಯಬೇಡಿ, ಅಲೆಗೆ ಮಣ್ಣು ಕೊಚ್ಚದ ಹಾಗೆ ಹಿಡಿದಿಡುವುದು ಅದೇ.

ಕೊಚ್ಚಿಕನ್ನಡಿಗ:
ನಾನು ಇರುವ ಎರ್ನಾಕುಲಂ ಕಡೆ ಪೊಕ್ಕಾಳಿ ಅಂತ ಇದೇ ಪದ್ಧತಿ. ಜೂನ್‌ನಿಂದ ಅಕ್ಟೋಬರ್ ಭತ್ತ, ನವೆಂಬರ್‌ನಿಂದ ಏಪ್ರಿಲ್ ಸಿಗಡಿ. 90ರ ದಶಕದಲ್ಲಿ ಬಿಳಿ ಚುಕ್ಕೆ ರೋಗ ಬಂದು ಬರೀ ಸಿಗಡಿ ನಂಬಿದವರು ಎಷ್ಟೋ ಕಡೆ ಮುಳುಗಿದರು. ಭತ್ತ ಇದ್ದವರ ಮನೆಯಲ್ಲಿ ಅಕ್ಕಿಯಾದರೂ ಇತ್ತು.

ಗಜನಿಮನೆ:
ಎಲ್ಲರಿಗೂ ತುಂಬಾ ಧನ್ಯವಾದ. ಒಡ್ಡಿನೊಳಗೆ ನಾವು ಹದಿನಾಲ್ಕು ಮನೆ, ಇಬ್ಬರು ಮುಂಬೈಯಲ್ಲಿದ್ದಾರೆ. ಈ ಭಾನುವಾರ ಫೋನ್ ಮಾಡುತ್ತೇನೆ. ಬೀಜ ಯಾರ ಹತ್ತಿರ ಇದೆ, ಒಂದು ಕೊಳಗ ಸಿಕ್ಕರೂ ಸಾಕು.

ಹೊಳೆದಂಡೆ:
ನನ್ನ ಹತ್ತಿರ ಇದೆ, ಬನ್ನಿ. ಮುಂದಿನ ವರ್ಷ ಅಷ್ಟೇ ವಾಪಸ್ ಕೊಡಿ.